ಬಲೂನು ಪಾಸು ಮಾಡಿದ ಮಾತ್ರೆ

ನನ್ನ ಅಕ್ಕನ ಗಂಡ ಕ್ಷೌರಿಕ. ಮುಖ ನೋಡಿದರೆ ನಾಳೆಗೆ ಮರೆತುಹೋಗುವಂಥ ಮನುಷ್ಯ. ಕೈ ನೋಡಿದರೆ ಮಾತ್ರ ಮರೆಯುವ ಹಾಗಿಲ್ಲ. ನಾನು ಅದೇ ಬೀದಿಯಲ್ಲಿ, ಅವರ ಕಟಿಂಗ್ ಶಾಪಿನಿಂದ ಸ್ವಲ್ಪ ಆಚೆ, ಮೆಡಿಕಲ್ ಶಾಪಿನ ಕೌಂಟರಿನ ಹಿಂದೆ ನಿಲ್ಲುವವಳು. ಔಷಧದ ಓದು ಓದಿದವಳು, ಬಾಯಿ ಜೋರು, ಯಾರನ್ನೂ ಸುಲಭಕ್ಕೆ ಹೊಗಳುವವಳಲ್ಲ. ಭಾವಂದಿರನ್ನು ದೇವರು ನಾದಿನಿಯರ ಬಾಯಿಗೆಂದೇ ಸೃಷ್ಟಿಸಿದ್ದಾನೆ ಎಂದು ನಂಬಿದವಳು. ಅಂಥ ನನ್ನ ಬಾಯಿ ಕಟ್ಟಿದ ಕೈ ಅದು.

ಅವರ ಅಂಗಡಿ ಉದ್ದಕ್ಕೆ ರೈಲಿನ ಬೋಗಿಯ ಹಾಗೆ. ಎರಡು ಕುರ್ಚಿ, ಅದರಲ್ಲಿ ಒಂದರ ಕೈ ಹರಿದು ರೆಕ್ಸಿನ್ ತೇಪೆ ಹಾಕಿಸಿಕೊಂಡಿದೆ. ಗೋಡೆ ತುಂಬ ಕನ್ನಡಿ, ಪೌಡರ್ ಡಬ್ಬಿ, ನೊರೆಯ ಬಟ್ಟಲು, ಕಾಯುವವರಿಗೆ ಒಂದು ಬೆಂಚು. ಬಾಗಿಲ ಎದುರಿಗೇ ಒಂದು ಹಳೆಯ ಮರ. ವರ್ಷಕ್ಕೊಮ್ಮೆ ಅದು ಹಳದಿ ಪುಡಿಯನ್ನು ಬೀದಿಗೆಲ್ಲ ಉದುರಿಸುತ್ತದೆ. ನಿಲ್ಲಿಸಿದ ಸ್ಕೂಟರಿನ ಸೀಟಿನ ಮೇಲೆ ಬೆರಳಿನಿಂದ ಹೆಸರು ಬರೆಯಬಹುದು, ಅಷ್ಟು. ಆ ಪುಡಿ, ಈ ಪೌಡರು, ಮೇಲೆ ಕತ್ತರಿಸಿದ ಕೂದಲ ಚೂರು. ಭಾವನ ಮೂಗಿಗೆ ಮೂರೂ ಆಗುವುದಿಲ್ಲ. ನೀರಿಗೆ ಹೆದರುವವನು ಮೀನುಗಾರನಾದಂತೆ ಎಂದು ನಾನು ಅಣಕಿಸುತ್ತಿದ್ದೆ.

ಆದರೆ ಅವರು ಅದಕ್ಕೂ ಒಂದು ಉಪಾಯ ಮಾಡಿಕೊಂಡಿದ್ದರು. ಸೀನು ಬರುವ ಮೊದಲು ಮೂಗಿನ ಬುಡದಲ್ಲಿ ಏನೋ ಸುಳಿಯುತ್ತದಂತೆ. ಆ ಸುಳಿವು ಸಿಕ್ಕಿದ ಕೂಡಲೆ ಕತ್ತಿ ಹಿಡಿದ ಬಲಗೈ ನೆಟ್ಟಗೆ ತಲೆಯ ಮೇಲಕ್ಕೆ ಹೋಗುತ್ತಿತ್ತು. ಕುರ್ಚಿಯಲ್ಲಿ ಕೂತವರು ಕಣ್ಣು ಮುಚ್ಚಿಕೊಂಡು ಕಾಯುತ್ತಿದ್ದರು. ಸೀನು ಮುಗಿದ ಮೇಲೆ ಕೈ ಕೆಳಗೆ ಬಂದು ನಿಲ್ಲಿಸಿದ ಜಾಗದಿಂದಲೇ ಮುಂದುವರಿಯುತ್ತಿತ್ತು. ಹೊಸಬರು ಬೆಚ್ಚಿಬೀಳುತ್ತಿದ್ದರು, ಹಳಬರು ನಗುತ್ತಿದ್ದರು.

ಹಳಬರಲ್ಲಿ ಹಳಬರು ಮೇಷ್ಟ್ರು. ಶಾಲೆಯಿಂದ ನಿವೃತ್ತರಾಗಿ ಎಷ್ಟೋ ಕಾಲವಾಯಿತು. ಅವರ ತಲೆ ಅಲ್ಲಾಡುತ್ತದೆ, ಯಾವಾಗಲೂ, ಅಡ್ಡಡ್ಡಲಾಗಿ. ಮಕ್ಕಳು ರಜೆ ಕೇಳಿದಾಗ ಬಾಯಿ ಹೂಂ ಅಂದರೂ ತಲೆ ಉಹೂಂ ಅನ್ನುತ್ತಿತ್ತಂತೆ. ಮಕ್ಕಳು ಬಾಯಿಯನ್ನು ನಂಬಿ ಓಡುತ್ತಿದ್ದರಂತೆ. ಅವರೇ ಹೇಳಿಕೊಂಡು ನಗುತ್ತಾರೆ. ತಮ್ಮ ಗಡ್ಡ ತಾವು ಹೆರೆದುಕೊಳ್ಳಲು ಆಗುವುದಿಲ್ಲ. ಮಿಷನ್ ಹಿಡಿದರೆ ಚರ್ಮ ಕೆಂಪಾಗಿ ದದ್ದು ಏಳುತ್ತದೆ. ಬೇರೆ ಅಂಗಡಿಗಳಲ್ಲಿ ಅವರು ಒಳಗೆ ಬಂದ ಕೂಡಲೆ ಎಲ್ಲರಿಗೂ ಏನೋ ಕೆಲಸ ನೆನಪಾಗುತ್ತಿತ್ತು. ಭಾವ ಮಾತ್ರ ಕುರ್ಚಿ ಒರೆಸಿ, "ಬನ್ನಿ ಮೇಷ್ಟ್ರೇ" ಎನ್ನುತ್ತಿದ್ದರು.

ನಾನು ಅದನ್ನು ಮೊದಲ ಸಲ ನೋಡಿದ್ದು ಚಿಲ್ಲರೆ ಕೇಳಲು ಹೋದಾಗ. ಚಿಲ್ಲರೆ ಮರೆತು ನಿಂತುಬಿಟ್ಟೆ. ಭಾವನ ಎಡಗೈ ಮೇಷ್ಟ್ರ ತಲೆಯನ್ನು ಬಿಗಿಯಾಗಿ ಹಿಡಿದಿರಲಿಲ್ಲ, ಬರೀ ಮುಟ್ಟಿತ್ತು. ತಲೆ ಎಡಕ್ಕೆ ಹೋದರೆ ಕತ್ತಿಯೂ ಎಡಕ್ಕೆ, ಬಲಕ್ಕೆ ಬಂದರೆ ಬಲಕ್ಕೆ. ಎರಡೂ ಕೂಡಿಯೇ ಅಲ್ಲಾಡುತ್ತಿದ್ದವು, ಹಾಗಾಗಿ ಎರಡರ ನಡುವೆ ಅಲ್ಲಾಟವೇ ಇರಲಿಲ್ಲ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಗಡ್ಡ ಇಳಿಯುತ್ತಿತ್ತು. ಹೊರಗೆ ಬಂದು ಅಕ್ಕನಿಗೆ ಫೋನ್ ಮಾಡಿ, "ನಿನ್ನ ಗಂಡನಿಗೆ ಇವತ್ತು ಒಂದು ಚಮಚ ತುಪ್ಪ ಜಾಸ್ತಿ ಹಾಕೇ" ಎಂದೆ. ಕಾರಣ ಮಾತ್ರ ಹೇಳಲಿಲ್ಲ; ಭಾವನನ್ನು ಹೊಗಳಿದಳು ಎಂಬ ಸುದ್ದಿ ಹಬ್ಬಬಾರದಲ್ಲ.

ಆ ವರ್ಷ ಮರ ಹುಚ್ಚೆದ್ದು ಪುಡಿ ಸುರಿಸಿತು. ಭಾವನ ಕಣ್ಣು ಕೆಂಪು, ಮೂಗು ಕೆಂಪು, ಕರವಸ್ತ್ರ ಸದಾ ಒದ್ದೆ. ಒಂದು ಬೆಳಿಗ್ಗೆ ಮೇಷ್ಟ್ರ ಒಂದು ಕೆನ್ನೆ ಮುಗಿಸಿ ಇನ್ನೊಂದಕ್ಕೆ ಬರುವ ಹೊತ್ತಿಗೆ ಸೀನು ಸುಳಿವೇ ಕೊಡದೆ ಬಂತು. ಕೈ ಮೇಲೆ ಹೋಯಿತು, ಆದರೆ ಸೀನಿನ ಹಿಂದೆ ಹೋಯಿತು. ಹೋಗುವ ದಾರಿಯಲ್ಲಿ ಮೇಷ್ಟ್ರ ಕಿವಿಯ ಹಾಲೆಗೆ ತಾಗಿತು.

ಒಂದು ಹನಿ ರಕ್ತ. ಅಷ್ಟೆ. "ಇರಲಿ ಬಿಡಯ್ಯ, ಇನ್ನೊಂದು ಕಿವಿ ಇದೆಯಲ್ಲ" ಎಂದರು ಮೇಷ್ಟ್ರು.

ಭಾವ ನಗಲಿಲ್ಲ. ಗಾಯಕ್ಕೆ ಪಟಿಕ ಒತ್ತಿದರು, ಕತ್ತಿ ತೊಳೆದರು, ಒರೆಸಿದರು, ಡ್ರಾಯರಿನಲ್ಲಿಟ್ಟು ಮುಚ್ಚಿದರು. "ಕ್ಷಮಿಸಿ ಮೇಷ್ಟ್ರೇ, ಇನ್ನು ನನ್ನ ಕೈಲಿ ಆಗಲ್ಲ" ಎಂದರು. ಮೇಷ್ಟ್ರು ಎಷ್ಟು ಹೇಳಿದರೂ ಕೇಳಲಿಲ್ಲ. ಪಾಪ, ಆ ಹಿರಿಯರು ಅರ್ಧ ಮುಖ ನುಣ್ಣಗೆ, ಅರ್ಧ ಮುಖ ಬೆಳ್ಳಗೆ ಮಾಡಿಕೊಂಡು ಬೀದಿಯಲ್ಲಿ ನಡೆದುಹೋದರು. ಅವರ ಮಗಳು ಉಳಿದದ್ದನ್ನು ಕತ್ತರಿಯಿಂದ ಸಮ ಮಾಡಿದಳಂತೆ. ಆಮೇಲೆ ಮೇಷ್ಟ್ರು ಮನೆಯಿಂದ ಹೊರಗೆ ಬರುವುದನ್ನೇ ಕಡಿಮೆ ಮಾಡಿದರು.

ಅವತ್ತಿನಿಂದ ಭಾವನ ಅಂಗಡಿಯಲ್ಲಿ ಬರೀ ಕತ್ತರಿ ಕೆಲಸ. ಶೇವಿಂಗ್ ಕೇಳಿ ಬಂದವರನ್ನು ಬೇರೆ ಕಡೆಗೆ ಕಳಿಸುತ್ತಿದ್ದರು. ಅಕ್ಕ ಕೇಳಿದರೆ, "ಕತ್ತರಿ ತಪ್ಪಿದರೆ ಕೂದಲು ಹೋಗುತ್ತೆ, ಮತ್ತೆ ಬರುತ್ತೆ. ಕತ್ತಿ ತಪ್ಪಿದರೆ ಏನು ಹೋಗುತ್ತೋ ಅದು ಬರಲ್ಲ" ಎನ್ನುತ್ತಿದ್ದರು. ಊಟ ಅರ್ಧಕ್ಕೇ ಬಿಡುತ್ತಿದ್ದರು. ಬಟ್ಟೆ ಗಿರಣಿಯಲ್ಲಿ ಕಾವಲುಗಾರನ ಕೆಲಸ ಖಾಲಿ ಇದೆಯೆಂದು ಯಾರೋ ಹೇಳಿದ್ದನ್ನು ಎರಡು ಸಲ ಮನೆಯಲ್ಲಿ ಪ್ರಸ್ತಾಪಿಸಿದರು. ಕತ್ತಿ ಹಿಡಿಯಲಾಗದ ಕ್ಷೌರಿಕನಿಗೆ ತಾನು ಕ್ಷೌರಿಕನೆಂದೇ ಅನ್ನಿಸುತ್ತಿರಲಿಲ್ಲ. ಕತ್ತಿ ಮತ್ತೆ ಕೈಗೆ ಬರುತ್ತದೋ ಇಲ್ಲವೋ ಎನ್ನುವುದು ಆ ಮನೆಯಲ್ಲಿ ಅನ್ನದಷ್ಟೇ ದೊಡ್ಡ ಪ್ರಶ್ನೆಯಾಯಿತು.

ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಆ ಹಿತ್ತಲ ಗಿಡ ನಾನೇ. ಅದೇ ಬೀದಿಯಲ್ಲಿ ನಾದಿನಿ ಔಷಧದ ಗುಡ್ಡೆಯ ನಡುವೆ ಕೂತಿದ್ದರೂ ಭಾವ ಬಸ್ ನಿಲ್ದಾಣದ ಹಿಂದಿನ ಅಂಗಡಿಗೆ ಹೋಗಿ, ತಲೆ ತಗ್ಗಿಸಿ, "ಸೀನು ನಿಲ್ಲೋಕೆ ಏನಾದ್ರೂ ಕೊಡಿ" ಎಂದು ಕೇಳಿದ್ದಾರೆ. ಅವರು ಹಳೇ ಕಾಲದ ಒಂದು ಹಳದಿ ಮಾತ್ರೆ ಕೊಟ್ಟಿದ್ದಾರೆ. ಸೀನು ನಿಂತಿತು. ಆದರೆ ಆ ಜಾತಿಯ ಮಾತ್ರೆ ಸೀನನ್ನು ನಿಲ್ಲಿಸುವಾಗ ಮನುಷ್ಯನನ್ನೂ ಮಲಗಿಸುತ್ತದೆ. ಮಧ್ಯಾಹ್ನ ಅಕ್ಕ ಊಟದ ಡಬ್ಬಿ ತಂದಾಗ ಗಿರಾಕಿ ಕುರ್ಚಿಯಲ್ಲಿ ಗೊರಕೆ ಹೊಡೆಯುತ್ತಿದ್ದ, ಭಾವ ಪಕ್ಕದ ಕುರ್ಚಿಯಲ್ಲಿ ಕೈಯಲ್ಲಿ ಬಾಚಣಿಗೆ ಹಿಡಿದುಕೊಂಡೇ ಗೊರಕೆ ಹೊಡೆಯುತ್ತಿದ್ದರು. ಇಬ್ಬರೂ ಒಂದೇ ತಾಳದಲ್ಲಿ.

ಮರುದಿನ ಎಲೆಕ್ಟ್ರಿಷಿಯನ್ ಗೆಳೆಯ, "ಅದು ಬೇಡ, ನಾನು ತಗೊಳ್ಳೋದು ಕೊಡ್ತೀನಿ, ನಿದ್ದೆ ಬರಲ್ಲ" ಎಂದು ಮೂಗು ಕಟ್ಟಿದಾಗ ನುಂಗುವ ಮಾತ್ರೆ ಕೊಟ್ಟ. ನಿದ್ದೆ ಬರಲಿಲ್ಲ, ನಿಜ. ಆ ರಾತ್ರಿಗೂ ಬರಲಿಲ್ಲ. ಎದೆ ಡವಗುಟ್ಟಿತು, ಬೆರಳ ತುದಿ ಕಂಪಿಸಿತು. ಬಾಣಲೆಯಿಂದ ಬೆಂಕಿಗೆ ಬಿದ್ದ ಹಾಗಾಯಿತು.

ಮೂರನೆಯದು ಮೂಗಿಗೆ ಬಿಡುವ ಹನಿ. ಒಂದೊಂದು ಹೊಳ್ಳೆಗೆ ಎರಡು ಹನಿ, ಕಣ್ಣು ಮಿಟುಕಿಸುವುದರೊಳಗೆ ಮೂಗು ಬಯಲಾಯಿತು. ನಿದ್ದೆಯಿಲ್ಲ, ನಡುಕವಿಲ್ಲ. ಭಾವನಿಗೆ ಸ್ವರ್ಗ ಸಿಕ್ಕಿತು. ಕೆಲವು ದಿನ ಕಳೆಯುವಷ್ಟರಲ್ಲಿ ಸ್ವರ್ಗದ ಬಾಗಿಲು ಬೇಗ ಬೇಗ ಮುಚ್ಚತೊಡಗಿತು. ಬೆಳಿಗ್ಗೆ ಬಿಟ್ಟ ಹನಿ ಸಂಜೆಗೆ ಸಾಲದು, ಆಮೇಲೆ ಮಧ್ಯಾಹ್ನಕ್ಕೇ ಸಾಲದು. ಹನಿ ಇಲ್ಲದಿದ್ದರೆ ಮೊದಲಿಗಿಂತ ಬಿಗಿಯಾಗಿ ಮೂಗು ಕಟ್ಟುತ್ತಿತ್ತು. ಮೂಗು ಹಿಡಿದರೆ ಬಾಯಿ ತೆರೆಯುತ್ತದಂತೆ. ಭಾವನ ಬಾಯಿ ತೆರೆದೇ ಇರುತ್ತಿತ್ತು, ಆದರೆ ಗುಟ್ಟು ಮಾತ್ರ ಹೊರಬೀಳಲಿಲ್ಲ.

ಗುಟ್ಟು ಹೊರಬಿದ್ದದ್ದು ಬಟ್ಟೆ ಒಗೆಯುವಾಗ. ಅಕ್ಕ ಷರಟಿನ ಜೇಬಿನಲ್ಲಿ ಒಂದು ಪುಟ್ಟ ಸೀಸೆ ಕಂಡಳು. ದಿಂಬಿನ ಕೆಳಗೆ ಇನ್ನೊಂದು, ಸ್ಕೂಟರಿನ ಡಿಕ್ಕಿಯಲ್ಲಿ ಮತ್ತೊಂದು. ಎಲ್ಲವನ್ನೂ ಸೆರಗಿನಲ್ಲಿ ಕಟ್ಟಿಕೊಂಡು ಬಂದು ನನ್ನ ಕೌಂಟರಿನ ಮೇಲೆ ಸುರಿದಳು. ಹಿಂದೆ ಭಾವ, ಸಿಕ್ಕಿಬಿದ್ದ ಕಳ್ಳನ ಮುಖ ಹೊತ್ತು.

"ಇದನ್ನ ಎಷ್ಟು ದಿನದಿಂದ ಬಿಡ್ತಿದ್ದೀರಿ?" ಎಂದೆ.

"ಬಿಡಬೇಕು ಅಂತಾನೇ ಇದ್ದೀನಿ" ಎಂದರು.

"ಭಾವ, ಇದು ಕಟ್ಟಿದ ಮೂಗಿಗೆ ಎರಡು ಮೂರು ದಿನ ಬಿಡೋ ಮದ್ದು. ಮೂಗಿನೊಳಗೆ ಊದಿಕೊಂಡ ರಕ್ತನಾಳಾನ ಇದು ಹಿಂಡುತ್ತೆ. ದಿನಾ ಹಿಂಡಿದ್ರೆ ಅದು ಹಟಕ್ಕೆ ಬಿದ್ದು ಇನ್ನೂ ಊದುತ್ತೆ. ನಿಮಗಿರೋದು ನೆಗಡಿಯಲ್ಲ, ಅಲರ್ಜಿ. ನೀವು ಬೀಗ ಹಾಕಿದ್ದು ಕಿಟಕಿಗೆ, ಕಳ್ಳ ಬರ್ತಿರೋದು ಬಾಗಿಲಿಂದ."

"ಮತ್ತೆ ಆ ಎಲೆಕ್ಟ್ರಿಷಿಯನ್ ಮಾತ್ರೆ? ಒಂದೊಂದು ದಿನ ಅದನ್ನೂ ನುಂಗ್ತಿದ್ದೆ."

"ಕೈ ಕೊಡಿ ಇಲ್ಲಿ" ಎಂದು ಬಿಪಿ ನೋಡಿದೆ. ಏರಿತ್ತು. ಅಕ್ಕ ಕೆಂಡ ಕಾರಿದಳು. ಅವತ್ತೇ ಇಬ್ಬರನ್ನೂ ಡಾಕ್ಟರ ಬಳಿಗೆ ಅಟ್ಟಿದೆ. ಡಾಕ್ಟರು ಆ ಮೂಗು ಬಿಡಿಸುವ ಮಾತ್ರೆಯನ್ನು ಮುಟ್ಟಲೇಬೇಡಿ ಎಂದರಂತೆ, ಹನಿ ಹಾಕುವುದನ್ನು ನಿಲ್ಲಿಸಲೇಬೇಕು ಎಂದರಂತೆ, ಒಂದೇ ಸಲಕ್ಕೆ ಆಗದಿದ್ದರೆ ಮೊದಲು ಒಂದು ಹೊಳ್ಳೆಗೆ ನಿಲ್ಲಿಸಿ, ಅದು ಸರಿಹೋದ ಮೇಲೆ ಇನ್ನೊಂದಕ್ಕೆ ಎಂದರಂತೆ. ಅಲರ್ಜಿಗೆ ನಿದ್ದೆ ಕಡಿಮೆ ತರುವ ಹೊಸ ಬಗೆಯ ಮಾತ್ರೆ ನಾದಿನಿಯ ಹತ್ತಿರವೇ ಇರುತ್ತದೆ, ಎರಡು ಮೂರು ಥರ ಇವೆ, ಯಾವುದು ಒಗ್ಗುತ್ತದೋ ನೋಡಿ ಎಂದರಂತೆ.

ಭಾವ ನನ್ನ ಮುಂದೆ ಬಂದು ನಿಂತರು. "ಇದರಲ್ಲಿ ಯಾವುದು ಕೈ ಕೆಡಿಸಲ್ಲ?"

"ಇವೆರಡೂ ಸಾಮಾನ್ಯವಾಗಿ ನಿದ್ದೆ ತರಲ್ಲ."

"ಸಾಮಾನ್ಯವಾಗಿ ಅಂದ್ರೆ?"

"ಹೆಚ್ಚಿನ ಜನಕ್ಕೆ ಅಂತ. ಕೆಲವರಿಗೆ ಒಂದು ಮಂಪರು ಕೊಡುತ್ತೆ, ಇನ್ನೊಂದು ಕೊಡಲ್ಲ. ನಿಮ್ಮ ಮೈಗೆ ಯಾವುದು ಅಂತ ಡಬ್ಬಿ ಮೇಲೆ ಬರೆದಿರಲ್ಲ."

ಭಾವ ಎರಡೂ ಡಬ್ಬಿಯನ್ನು ತಿರುಗಿಸಿ ನೋಡಿದರು. "ಹಾಗಾದ್ರೆ ಬಲೂನನ್ನ ಕೇಳ್ತೀನಿ" ಎಂದು ಎರಡನ್ನೂ ತೆಗೆದುಕೊಂಡು ಹೋದರು. ಹನಿಯ ಜೊತೆಗೆ ಬುದ್ಧಿಯೂ ಆವಿಯಾಯಿತೇ ಎಂದುಕೊಂಡೆ.

ಮೊದಲು ಹೊಳ್ಳೆಗಳ ಕಥೆ ಹೇಳುತ್ತೇನೆ. ಎಡಗಡೆ ಹನಿ ನಿಲ್ಲಿಸಿದರು. ಆ ಹೊಳ್ಳೆ ಗೋಡೆ ಕಟ್ಟಿದ ಹಾಗೆ ಮುಚ್ಚಿಕೊಂಡಿತು. "ಎಡ ಹೊಳ್ಳೆ ಸನ್ಯಾಸಿ, ಬಲ ಹೊಳ್ಳೆ ಸಂಸಾರಿ" ಎಂದು ನಾನು ನಕ್ಕೆ. ಅವರು ನಗುವ ಸ್ಥಿತಿಯಲ್ಲಿರಲಿಲ್ಲ. ದಿಂಬಿನ ಮೇಲೆ ದಿಂಬು ಪೇರಿಸಿ ಕೂತೇ ನಿದ್ದೆ ಮಾಡಿದರು. ಉಪ್ಪುನೀರಿನಲ್ಲಿ ಮೂಗು ತೊಳೆದರು, ಸಿಡುಕಿದರು, ಅಕ್ಕನ ಅಡಿಗೆಗೆ ವಾಸನೆಯೇ ಇಲ್ಲವೆಂದು ಹೇಳಿ ಬೈಸಿಕೊಂಡರು. ಸೀಸೆ ಮಾತ್ರ ಕಣ್ಣೆದುರಿನ ಕಪಾಟಿನಲ್ಲೇ ಇತ್ತು. ಬಚ್ಚಿಡಲು ಅಕ್ಕನಿಗೆ ಬಿಡಲಿಲ್ಲ. ಒಂದು ಬೆಳಿಗ್ಗೆ ಎಡ ಹೊಳ್ಳೆ ತಾನಾಗಿ ತೆರೆಯಿತು. ಆಗ ಬಲಗಡೆಯದನ್ನೂ ನಿಲ್ಲಿಸಿದರು. ನನ್ನ ಕೌಂಟರಿಗೆ ಎಂತೆಂಥ ಗಟ್ಟಿಗರು ಬಂದು, "ಇದೊಂದು ಕೊನೆ ಸೀಸೆ ಕೊಡಿ" ಎಂದು ಅಂಗಲಾಚುವುದನ್ನು ಕಂಡಿದ್ದೇನೆ. ಈ ಮನುಷ್ಯ ಇನ್ನೊಂದು ಸೀಸೆ ಕೇಳದೆ ಅರ್ಧರ್ಧ ಮೂಗನ್ನು ಗೆದ್ದದ್ದು ನೋಡಿ ನನಗೆ ಮೊದಲ ಸಲ ಅವರನ್ನು ಕಿಚಾಯಿಸಲು ನಾಲಿಗೆ ಏಳಲಿಲ್ಲ.

ಇನ್ನು ಬಲೂನು. ಕ್ಷೌರದ ಕೆಲಸ ಕಲಿಯುವವರು ಮೊದಲು ಮನುಷ್ಯರ ಗಲ್ಲ ಮುಟ್ಟುವುದಿಲ್ಲವಂತೆ. ಗುರು ಒಂದು ಬಲೂನು ಊದಿ, ಅದಕ್ಕೆ ನೊರೆ ಬಳಿದು ಕೈಗೆ ಕೊಡುತ್ತಾನೆ. ನೊರೆಯೆಲ್ಲ ತೆಗೆಯಬೇಕು, ಬಲೂನು ಒಡೆಯಬಾರದು. ಭಾವ ಹಾಗೆಯೇ ಕಲಿತವರು. ರಜೆಯ ಮಧ್ಯಾಹ್ನ ಅಂಗಡಿಯ ಅರ್ಧ ಬಾಗಿಲು ಎಳೆದುಕೊಂಡು, ಮೊದಲ ಬಗೆಯ ಮಾತ್ರೆ ನುಂಗಿ, ಅದು ಮೈಗೆ ಹತ್ತುವವರೆಗೆ ಕಾದು, ಡ್ರಾಯರಿನಿಂದ ಕತ್ತಿ ತೆಗೆದರು. ಮರದ ಪುಡಿ ಬರಲೆಂದು ಕಿಟಕಿಯನ್ನು ಬೇಕೆಂದೇ ತೆರೆದಿಟ್ಟರು. ಅಕ್ಕ ಮತ್ತು ನಾನು ಬೆಂಚಿನ ಮೇಲೆ.

ಸೀನು ಬರಲಿಲ್ಲ. ಭಾವನ ಕಣ್ಣೂ ಮುಚ್ಚಲಿಲ್ಲ. ನನ್ನ ಕಣ್ಣಿಗೆ ಎಲ್ಲ ಸರಿಯಾಗಿಯೇ ಇತ್ತು. ಆದರೆ ಬಲೂನಿನ ಕತ್ತಿನ ಹತ್ತಿರ, ತೆಳ್ಳಗಾಗುವ ಜಾಗದಲ್ಲಿ, ಫಟ್! ಅಕ್ಕ ಕಿರುಚಿದಳು.

"ಇದಲ್ಲ" ಎಂದರು ಭಾವ. "ನಿದ್ದೆ ಬಂದಿಲ್ಲ. ಆದರೆ ಕೈ ನನಗೆ ಹೇಳೋ ಮಾತು ಒಂದು ಗಳಿಗೆ ತಡವಾಗಿ ಬಂತು."

ನನ್ನ ಓದಿನಲ್ಲಿ ಮಂಪರು ಎಂದರೆ ತೂಕಡಿಕೆ, ಆಕಳಿಕೆ. ಈ ಮನುಷ್ಯ ಅದನ್ನು ಬೆರಳ ತುದಿಯಲ್ಲಿ ಅಳೆಯುತ್ತಿದ್ದರು. ನನಗೆ ನಿಜಕ್ಕೂ ಬೆರಗಾಯಿತು. ಮಾತ್ರೆ ಮೈಯಿಂದ ಪೂರ್ತಿ ಇಳಿಯಲೆಂದು ಮುಂದಿನ ವಾರದ ರಜೆಯವರೆಗೆ ಕಾದು ಎರಡನೆಯ ಬಗೆಯದನ್ನು ಪರೀಕ್ಷಿಸಿದರು. ಆ ಬಲೂನು ನುಣ್ಣಗೆ ಹೊಳೆಯುತ್ತ ಉಳಿಯಿತು. ಇನ್ನೊಂದು ಊದಿದರು, ಅದೂ ಉಳಿಯಿತು. ಮಾತ್ರೆ ಪಾಸಾಯಿತು ಎಂದು ನಾನು ಚಪ್ಪಾಳೆ ತಟ್ಟಿದೆ.

"ಎಲ್ಲಿ ಪಾಸು? ಬಲೂನು ಸುಮ್ಮನೆ ಕೂತಿದೆ. ಮೇಷ್ಟ್ರು ಸುಮ್ಮನೆ ಕೂರ್ತಾರಾ?" ಎಂದರು ಭಾವ. ಅಕ್ಕನ ಕೈಗೆ ಬಲೂನು ಕೊಟ್ಟು, "ಮೇಷ್ಟ್ರ ಥರ ಅಲ್ಲಾಡಿಸು" ಎಂದರು.

ಅಕ್ಕನಿಗೆ ನಗು, ಹೆದರಿಕೆ ಎರಡೂ. "ರೀ, ನನ್ನ ಬೆರಳು ಕುಯ್ದರೆ ನಿಮಗೆ ಅಡಿಗೆ ಮಾಡೋರು ಯಾರು?" ಎನ್ನುತ್ತಲೇ ಬಲೂನನ್ನು ಅಡ್ಡಡ್ಡ ಆಡಿಸಿದಳು. ಭಾವನ ಎಡಗೈ ಬಲೂನನ್ನು ಮುಟ್ಟಿತು. ಸ್ವಲ್ಪ ಹೊತ್ತು ಬರೀ ಮುಟ್ಟಿಕೊಂಡೇ ಇತ್ತು. ಆಮೇಲೆ ಕತ್ತಿ ಬಂತು, ಅದರ ಜೊತೆಗೇ ಹೊರಟಿತು. ಅಕ್ಕನ ನಗು ನಿಂತುಹೋಯಿತು. ನೊರೆ ಪಟ್ಟಿ ಪಟ್ಟಿಯಾಗಿ ಇಳಿದು, ಕೊನೆಗೆ ಆ ಕತ್ತಿನ ಜಾಗವೂ ಬಯಲಾಯಿತು. ಅಕ್ಕ ಬಲೂನನ್ನು ಎದೆಗೆ ಒತ್ತಿಕೊಂಡು ಅತ್ತುಬಿಟ್ಟಳು. ಗಂಡ ಕಾವಲುಗಾರನಾಗುವ ಮಾತು ಅವಳನ್ನು ಒಳಗೊಳಗೇ ಎಷ್ಟು ತಿಂದಿತ್ತೋ.

ಮರುದಿನ ಬೆಳಿಗ್ಗೆ ಅಂಗಡಿ ತೆರೆಯುತ್ತಲೇ ಭಾವ ಮೇಷ್ಟ್ರ ಮಗಳಿಗೆ ಫೋನ್ ಮಾಡಿ, ಮತ್ತೆ ಕತ್ತಿ ಹಿಡಿದಿದ್ದೇನೆ ಎಂದರು. "ನಾನೇ ಮನೆಗೆ ಬರ್ಲಾ?" ಎಂದು ಕೇಳುವಷ್ಟರಲ್ಲಿ ಆ ಕಡೆಯಿಂದ, "ಬೇಡ ಬೇಡ, ಅಪ್ಪ ಆಗಲೇ ಚಪ್ಪಲಿ ಹಾಕ್ಕೊಂಡ್ರು" ಎಂದಳಂತೆ. ಮೇಷ್ಟ್ರು ಮಗಳ ಕೈ ಹಿಡಿದುಕೊಂಡು ಬಂದಾಗ ನಾನು ನನ್ನ ಅಂಗಡಿಯನ್ನು ಸಹಾಯಕಿಗೆ ಒಪ್ಪಿಸಿ ಓಡಿಬಂದಿದ್ದೆ. ಬಿಳಿ ಗಡ್ಡ ಮುಖ ತುಂಬ ಬೆಳೆದು ಅವರು ಬೇರೆ ಯಾರೋ ಆಗಿದ್ದರು.

ಭಾವ ಅವರನ್ನು ಕೂರಿಸಿ, ಎದುರಿಗೆ ನಿಂತು ಹೇಳಿದರು: "ಮೇಷ್ಟ್ರೇ, ಮೊದಲೇ ಹೇಳಿಬಿಡ್ತೀನಿ. ಅಲರ್ಜಿಗೆ ಮಾತ್ರೆ ತಗೊಂಡಿದ್ದೀನಿ. ಪರೀಕ್ಷೆ ಮಾಡಿದ್ದೀನಿ. ಆದರೂ ನಿಮಗೆ ಹೆದರಿಕೆ ಇದ್ರೆ ಬರೀ ಕತ್ತರಿ ಹಾಕ್ತೀನಿ."

"ಮುಖಕ್ಕೆ ನೊರೆ ಹಚ್ಚಯ್ಯ" ಎಂದರು ಮೇಷ್ಟ್ರು.

ಗಡ್ಡವನ್ನು ಕತ್ತರಿಯಿಂದ ತಗ್ಗಿಸಿ, ನೊರೆ ಹಚ್ಚಿದರು. ಆಗಲೇ ನನಗೆ ಗೊತ್ತಾದದ್ದು, ಮೇಷ್ಟ್ರ ತಲೆ ಹಿಂದೆಂದೂ ಕಾಣದಷ್ಟು ಅಲ್ಲಾಡುತ್ತಿತ್ತು. ನೊರೆ ತಾನಾಗಿ ಹಾರಿ ಕನ್ನಡಿಗೆ ಬಿತ್ತು. ಇಷ್ಟು ದಿನದಲ್ಲಿ ಕಾಯಿಲೆ ಏರಿಬಿಟ್ಟಿದೆ ಎಂದುಕೊಂಡೆ. ಬೇಡ ಭಾವ, ಅನ್ನಬೇಕೆನ್ನಿಸಿತು. ಭಾವನೂ ಕಂಡರು. ಎಡಗೈಯನ್ನು ಆ ತಲೆಯ ಮೇಲಿಟ್ಟು, ಕಣ್ಣು ಮುಚ್ಚಿ, ಬಹಳ ಹೊತ್ತು ಸುಮ್ಮನೆ ನಿಂತರು. ಮೇಷ್ಟ್ರ ಮಗಳು ಬೆಂಚಿನ ತುದಿಯನ್ನು ಹಿಡಿದುಕೊಂಡಿದ್ದಳು.

ಆಮೇಲೆ ಭಾವನ ಭುಜ ಅಲುಗತೊಡಗಿತು. ಭುಜದಿಂದ ಮೊಣಕೈಗೆ, ಅಲ್ಲಿಂದ ಮಣಿಕಟ್ಟಿಗೆ. ಇಡೀ ಮನುಷ್ಯ ಆ ತಲೆಯ ಲಯಕ್ಕೆ ಬಂದ ಮೇಲೆ ಕತ್ತಿ ಗಲ್ಲ ಮುಟ್ಟಿತು. ಕೆನ್ನೆ ಇಳಿಯಿತು, ಇನ್ನೊಂದು ಕೆನ್ನೆ ಇಳಿಯಿತು. ಮೂಗಿನ ಕೆಳಗಿನ ಸಣ್ಣ ತಗ್ಗು, ಗದ್ದದ ಗುಂಡಿ, ಕೊನೆಗೆ ಗಂಟಲ ಮಣಿಯ ಸುತ್ತಲಿನ ಸಡಿಲ ಚರ್ಮ. ಎಲ್ಲೂ ಕೆಂಪಿಲ್ಲ. ಟವೆಲಿನಿಂದ ಒರೆಸಿದಾಗ ನಮ್ಮ ಹಳೆಯ ಮೇಷ್ಟ್ರು ಕನ್ನಡಿಯಲ್ಲಿ ಕೂತಿದ್ದರು.

ಅವರು ಗಲ್ಲ ಸವರಿಕೊಂಡು ಇದ್ದಕ್ಕಿದ್ದಂತೆ, "ಅಯ್ಯೋ, ನನ್ನ ಮಾತ್ರೆ!" ಎಂದರು.

"ಯಾವ ಮಾತ್ರೆ ಮೇಷ್ಟ್ರೇ?"

"ತಲೆ ಅಲ್ಲಾಡೋದಕ್ಕೆ ಡಾಕ್ಟರು ಕೊಟ್ಟಿರೋದು. ತಗೊಂಡ ಮೇಲೆ ಒಂದಿಷ್ಟು ಹೊತ್ತು ಕಮ್ಮಿ ಇರುತ್ತೆ. ಇಷ್ಟು ವರ್ಷಾನೂ ನಿನ್ನ ಹತ್ರ ಬರೋ ದಿನ ಅದನ್ನ ನುಂಗಿ, ಅದು ಹತ್ತೋವರೆಗೆ ಮನೇಲಿ ಕಾದು, ಆಮೇಲೇ ಬರ್ತಿದ್ದೆ. ನಿನ್ನ ಕೈಗೆ ತೊಂದರೆ ಆಗಬಾರದು ಅಂತ. ಇವತ್ತು ನೀನು ಕತ್ತಿ ಹಿಡಿದೆ ಅಂತ ಇವಳು ಹೇಳಿದಳು ನೋಡು, ಖುಷೀಲಿ ಮರೆತೇ ಬಂದುಬಿಟ್ಟೆ."

ಭಾವ ಪಕ್ಕದ ಕುರ್ಚಿಯಲ್ಲಿ ಕುಸಿದು ಕೂತರು.

"ಇಷ್ಟು ವರ್ಷ ನನಗೆ ಯಾಕೆ ಹೇಳಲಿಲ್ಲ ಮೇಷ್ಟ್ರೇ?"

"ಹೇಳಿದ್ರೆ ನೀನು, ನನ್ನ ಕೈಯದೇನಿದೆ, ಎಲ್ಲ ನಿಮ್ಮ ಮಾತ್ರೆಯದು ಅಂದ್ಕೋತಿದ್ದೆ" ಎಂದರು ಮೇಷ್ಟ್ರು. "ಈಗ ಹೇಳಬಹುದು."